ಅಜ್ಜಿಯ ಕಾಗದ, ಹಾಗಲಕಾಯಿ ಗೊಜ್ಜು



ಹಾಗಲಕಾಯಿ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಪುಟ ತಿರುಗಿಸುತ್ತೀರಿ ಎಂಬುದು ನನಗೆ ಗೊತ್ತು. ನನ್ನ ಮಗನೂ ಹಾಗೆಯೇ ಮಾಡುತ್ತಿದ್ದ. ಆದರೆ ಹುಣಿಸೆಯ ಹುಳಿ, ಬೆಲ್ಲದ ಸಿಹಿ, ಮೆಣಸಿನಕಾಯಿಯ ಖಾರ ಮೂರೂ ಸೇರಿ ಆ ಕಹಿಯನ್ನು ಪಳಗಿಸುವ ಗೊಜ್ಜನ್ನು ಒಮ್ಮೆ ಬಿಸಿ ಅನ್ನಕ್ಕೆ ಕಲಸಿ ತಿಂದವರು ಮತ್ತೆ ಬಟ್ಟಲು ಮುಂದೆ ಚಾಚದೆ ಇರುವುದಿಲ್ಲ.

ನಾನು ತಿಪಟೂರಿನವಳು. ಕೊಬ್ಬರಿಗೆ ಹೆಸರಾದ ಊರು. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿ, 1993ರಲ್ಲಿ ಮದುವೆಯಾಗಿ ಪುಣೆಗೆ ಬಂದಾಗ ಶೇಕ್ಸ್‌ಪಿಯರ್ ಬಗ್ಗೆ ನಾಲ್ಕು ಪುಟ ಬರೆಯಬಲ್ಲವಳಾಗಿದ್ದೆನೇ ಹೊರತು ಗೊಜ್ಜಿಗೆ ಎಷ್ಟು ಹುಣಿಸೆ ಎಂಬುದು ತಿಳಿದಿರಲಿಲ್ಲ. ಅಮ್ಮನಿಗೆ ಕಾಗದ ಬರೆದು ಕೇಳಿದೆ. 1994ರ ಜನವರಿಯಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ ಉತ್ತರ ಬಂತು. ಇದ್ದಬದ್ದ ಜಾಗವನ್ನೆಲ್ಲಾ ತುಂಬಿಸಿ, ಕೊನೆಯ ಮಾತನ್ನು ಮಡಿಕೆಯ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದರು. ಆ ಕಾಗದ ಇಂದಿಗೂ ನನ್ನ ಬೀರುವಿನಲ್ಲಿದೆ. ಬರೆದ ಕೈ ಈಗಿಲ್ಲ.

ಚಿಂಚವಡದಲ್ಲಿ ಸಂಸಾರ ಆರಂಭಿಸಿದ ನಾವು ಮುಂದೆ ಹಿಂಜವಾಡಿಗೆ ಬಂದೆವು. ಇಲ್ಲಿ ತರಕಾರಿ ಗಾಡಿಯವನ ಬಳಿ ಹಾಗಲಕಾಯಿ ‘ಕಾರ್ಲೆ’ಯಾಗುತ್ತದೆ, ಹುಣಿಸೆ ‘ಚಿಂಚ್’, ಬೆಲ್ಲ ‘ಗೂಳ್’. ಆದರೆ ಹಾವೇರಿ ಜಿಲ್ಲೆಯ ನಮ್ಮ ಬ್ಯಾಡಗಿ ಮೆಣಸಿನಕಾಯಿ ಮಾತ್ರ ‘ಬೇಡಗಿ ಮಿರ್ಚಿ’ ಎಂದು ತನ್ನ ಊರಿನ ಹೆಸರನ್ನು ಇಲ್ಲಿಯೂ ಉಳಿಸಿಕೊಂಡಿದೆ. ರುಚಿಯೂ ಇಲ್ಲಿನವರಿಗೆ ಪರಕೀಯವಲ್ಲ. ಹಸಿಮೆಣಸಿನಕಾಯಿ, ಶೇಂಗಾ, ಎಳ್ಳು, ಕೊಬ್ಬರಿಗಳನ್ನು ಹುಣಿಸೆ-ಬೆಲ್ಲದಲ್ಲಿ ಕುದಿಸಿ ಮರಾಠಿ ಮನೆಗಳಲ್ಲಿ ಮಾಡುವ ‘ಪಂಚಾಮೃತ’ ನಮ್ಮ ಗೊಜ್ಜಿನ ದಾಯಾದಿಯೇ ಸರಿ. ನಮ್ಮ ಕರಾವಳಿಯವರ ಮೆಣಸ್ಕಾಯಿಯೂ ಇದೇ ವಂಶದ್ದು.

ಇನ್ನೊಂದು ಸ್ವಾರಸ್ಯ ಕೇಳಿ. 1508ರ ಸುಮಾರಿಗೆ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ ಎಂಬ ಅಡುಗೆಯ ಕಾವ್ಯವನ್ನೇ ಬರೆದ. ಆಗ ನಮ್ಮ ನಾಡಿನಲ್ಲಿ ಮೆಣಸಿನಕಾಯಿಯೇ ಇರಲಿಲ್ಲ! ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಲ್ಲಿಯವರೆಗೆ ಖಾರವೆಂದರೆ ಮುಖ್ಯವಾಗಿ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಆ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದು ಮನೆಯೊಳಗೆ ಸೇರಿಸಿಕೊಂಡರು. ಹೊರಗಿನಿಂದ ಬಂದವರು ಹೀಗೆ ಒಂದಾಗುವುದನ್ನು ಪುಣೆಯ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಮುಖ್ಯ ವಿಷಯ. ನನ್ನ ಮಗ ಕೆಲಸದ ಮೇಲೆ ಹೈದರಾಬಾದಿಗೆ ಹೋದ. ಒಂದು ಭಾನುವಾರ ಫೋನ್ ಮಾಡಿ, “ಅಮ್ಮಾ, ಗೊಜ್ಜು ಮಾಡೋದು ಹೇಗೆ?” ಎಂದ. ಹಾಗಲಕಾಯಿ ಕಂಡರೆ ಮುಖ ಸಿಂಡರಿಸುತ್ತಿದ್ದ ಹುಡುಗ! ಸಂತೋಷದಿಂದ ಅಜ್ಜಿಯ ಕಾಗದದ ಫೋಟೋ ತೆಗೆದು ಕಳಿಸಿದೆ. ಎರಡು ನಿಮಿಷದಲ್ಲಿ ಮತ್ತೆ ಫೋನ್. “ಅಮ್ಮಾ, ನಂಗೆ ಇದನ್ನ ಓದಕ್ಕೆ ಬರಲ್ಲವಲ್ಲ.”

ಮಕ್ಕಳೇ, ಆ ಮಾತು ಅವನು ಸಹಜವಾಗಿ ಹೇಳಿದ್ದು. ನನಗೆ ಮಾತ್ರ ನಿಂತ ನೆಲ ಕುಸಿದಂತಾಯಿತು. ಮನೆಯಲ್ಲಿ ಕನ್ನಡ ಮಾತಾಡಿಸಿದೆ, ಅಷ್ಟು ಸಾಕೆಂದುಕೊಂಡಿದ್ದೆ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಮೂರರ ಹೊರೆಯೇ ಸಾಕಷ್ಟಿದೆ, ಅಕ್ಷರ ಆಮೇಲೆ ಕಲಿಸೋಣ ಎಂದುಕೊಂಡೆ. ಆ ‘ಆಮೇಲೆ’ ಬರಲೇ ಇಲ್ಲ. ತಪ್ಪು ಅವನದಲ್ಲ, ನನ್ನದು.

ಅಂದು ಫೋನಿನಲ್ಲೇ ಓದಿ ಹೇಳಿದೆ. “ನಿಂಬೆಹಣ್ಣಿನ ಗಾತ್ರದ ಹುಣಿಸೆ” ಎಂದರೆ, “ಯಾವ ನಿಂಬೆಹಣ್ಣು? ದೊಡ್ಡದೋ ಚಿಕ್ಕದೋ?” ಎಂದ. ಕೊನೆಗೆ ಅವಸರದಲ್ಲಿ ಹಸಿ ಹೋಳುಗಳನ್ನು ನೇರವಾಗಿ ಹುಣಿಸೆ ನೀರಿಗೇ ಹಾಕಿಬಿಟ್ಟ. ಒಂದು ಗಂಟೆ ಕುದಿಸಿದರೂ ಹೋಳು ಮೆತ್ತಗಾಗಲಿಲ್ಲ. ಹುಳಿ ಸೇರಿದರೆ ತರಕಾರಿ ಬೇಗ ಬೇಯುವುದಿಲ್ಲ, ಇದನ್ನು ನೆನಪಿಡಿ.

ಅವನಿಗಾಗಿ ಅಳೆದು ಬರೆದ ಲೆಕ್ಕ ನಿಮಗೂ ಇರಲಿ. ನಾಲ್ಕು ಜನಕ್ಕೆ ಕಾಲು ಕಿಲೋ ಹಾಗಲಕಾಯಿ. ಬೀಜ ತೆಗೆದು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು ಹಿಂಡಿದರೆ ಕಹಿ ತಗ್ಗುತ್ತದೆ. ಸಣ್ಣ ಉರಿಯಲ್ಲಿ ಎರಡೆರಡು ಚಮಚ ಕಡಲೆಬೇಳೆ ಮತ್ತು ಕೊತ್ತಂಬರಿ ಬೀಜ, ಒಂದೊಂದು ಚಮಚ ಉದ್ದಿನಬೇಳೆ ಮತ್ತು ಎಳ್ಳು, ಕಾಲು ಚಮಚ ಮೆಂತ್ಯ, 6-7 ಬ್ಯಾಡಗಿ ಮೆಣಸಿನಕಾಯಿ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಸೀದರೆ ಹಾಗಲಕಾಯಿಗಿಂತ ಕಹಿ! ಮೂರು ಚಮಚ ಒಣಕೊಬ್ಬರಿ ಸೇರಿಸಿ ಪುಡಿ ಮಾಡಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಹಾಕಿ, ಹೋಳುಗಳನ್ನು ಕೆಂಪಗೆ ಮೆತ್ತಗಾಗುವವರೆಗೆ ಬಾಡಿಸಿ. ಆಮೇಲೆಯೇ 30 ಗ್ರಾಂ ಹುಣಿಸೆಯನ್ನು ಎರಡು ಲೋಟ ನೀರಿನಲ್ಲಿ ಕಿವುಚಿದ ರಸ, ಅರಿಶಿನ, ಉಪ್ಪು. ಹಸಿ ವಾಸನೆ ಹೋದ ಮೇಲೆ 60 ಗ್ರಾಂ ಬೆಲ್ಲ, ಕೊನೆಗೆ ಪುಡಿ. ಗೊಜ್ಜು ಗಟ್ಟಿಯಾಗಿ ಅಂಚಿನಲ್ಲಿ ಎಣ್ಣೆ ಕಂಡಾಗ ಇಳಿಸಿ. ಮಾರನೆಯ ದಿನ ಇನ್ನೂ ರುಚಿ.

ಕಳೆದ ಯುಗಾದಿಗೆ ಮಗ ಮನೆಗೆ ಬಂದಿದ್ದ. ಆರು ತಿಂಗಳಿಂದ ರಾತ್ರಿ ಹತ್ತು ನಿಮಿಷ ಅಕ್ಷರ ಕಲಿಯುತ್ತಿದ್ದನಂತೆ. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರಂತಿರುವುದರಿಂದ, ಹೈದರಾಬಾದಿನ ಬೋರ್ಡುಗಳೂ ಅರ್ಧಂಬರ್ಧ ಓದಲು ಬರುತ್ತಿವೆ ಎಂದು ನಕ್ಕ. ಅಜ್ಜಿಯ ಕಾಗದ ಕೇಳಿ ತೆಗೆದುಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಅಂಚಿನ ಆ ಅಡ್ಡ ಸಾಲಿಗೆ ಬಂದು ನಿಂತ. ಫೋನಿನಲ್ಲಿ ನಾನು ಅದನ್ನು ಓದಿರಲಿಲ್ಲ. ಗೊಜ್ಜಿಗೆ ಸಂಬಂಧಿಸಿದ್ದಲ್ಲ ಎಂದು ಬಿಟ್ಟಿದ್ದೆ.

“ಹೊಸ ಊರು ಮೊದಮೊದಲು ಕಹಿ ಅನ್ನಿಸುತ್ತೆ ಮಗಳೇ. ಅಳಬೇಡ. ಬೆಲ್ಲ ಒಂದು ಚೂರು ಜಾಸ್ತಿ ಹಾಕು.”

ಓದಿ ಮುಗಿಸಿ ಮಗ ನನ್ನ ಮುಖ ನೋಡಿದ. “ಅಮ್ಮಾ, ಆಗ ನೀನು ಅಳ್ತಿದ್ಯಾ?” ಎಂದು ಕೇಳಿದ. ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಂದು ಗೊಜ್ಜನ್ನು ಅವನೇ ಮಾಡಿದ, ನಾನು ಪಕ್ಕದಲ್ಲಿ ಕುಳಿತು ಅವನಿಗೆ ಉತ್ತರ ಹೇಳಿದೆ.

ನಿಮ್ಮ ಮನೆಯ ಬೀರುವಿನಲ್ಲೂ ಇಂಥ ಒಂದು ಕಾಗದ ಇದ್ದೀತು. ಕೇಳಿ ತೆಗೆಸಿ. ಓದಲು ಬಾರದಿದ್ದರೆ ನಾಚಿಕೆ ಬೇಡ, ಅಮ್ಮನ ಪಕ್ಕ ಕುಳಿತು ‘ಅ’ ಇಂದ ಶುರು ಮಾಡಿ.