ಹಲ್ಲಿನ ಕೀವೂ ಹೃದಯದ ತಾಳವೂ

ಮೈಸೂರಿನ ನಜರ್‌ಬಾದಿನಲ್ಲಿ ನಾವು ವಾಸವಾಗಿರುವ ಬೀದಿಯಲ್ಲೇ ನಮ್ಮ ವಿದ್ಯಾರ್ಥಿಯೊಬ್ಬನ ಮನೆಯೂ ಇದೆ. ಕೆಲವು ತಿಂಗಳ ಹಿಂದೆ ಅವನ ದವಡೆಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತು. ಲವಂಗದೆಣ್ಣೆ ಹಚ್ಚುತ್ತಾ ಎರಡು ವಾರ ಕಳೆದ ಮೇಲೆ ಅವನು ದಂತವೈದ್ಯರಲ್ಲಿಗೆ ಹೋದ. ಅವರು ಇಕ್ಕಳವನ್ನು ಕೈಗೆತ್ತಿಕೊಳ್ಳುವ ಮೊದಲು, “ಚಿಕ್ಕಂದಿನಲ್ಲಿ ಕೀಲುಗಳು ಊದಿ ಜ್ವರ ಬಂದದ್ದುಂಟೇನಪ್ಪ? ಹೃದಯದಲ್ಲಿ ದೋಷವಿದೆಯೆಂದು ಯಾರಾದರೂ ಹೇಳಿದ್ದುಂಟೇ?” ಎಂದು ವಿಚಾರಿಸಿದರು. ಜ್ವರ ಬಂದದ್ದು ನಿಜ. ಹಾಗಾದರೆ ಮೊದಲು ಹೃದಯದ ಪರೀಕ್ಷೆಯಾಗಲಿ ಎಂದು ವೈದ್ಯರು ಕಳುಹಿಸಿಕೊಟ್ಟರು. ಹುಡುಗ ನೇರವಾಗಿ ನಮ್ಮಲ್ಲಿಗೆ ಬಂದು, “ಕೀಳಬೇಕಾದುದು ಹಲ್ಲು, ನಡುವೆ ಹೃದಯವೇಕೆ ಬಂತು, ಸಾರ್?” ಎಂದು ಕೇಳಿದ.

ನಾವು ಬೋಧಿಸುವುದು ಭೌತವಿಜ್ಞಾನ. ಆದರೆ ಹೃದಯದ ಬಡಿತವೂ ಒಂದು ವಿದ್ಯುದ್ವ್ಯಾಪಾರವೇ ಆದುದರಿಂದ ಈ ಪ್ರಶ್ನೆ ನಮಗೆ ತೀರ ಪರಕೀಯವಲ್ಲ.

ಹೃದಯದ ಬಲ ಹೃತ್ಕರ್ಣದ ಗೋಡೆಯಲ್ಲಿ ಒಂದು ಪುಟ್ಟ ಗಂಟು ಇದೆ. ಕೀತ್ ಮತ್ತು ಫ್ಲ್ಯಾಕ್ ಎಂಬವರು 1907ರಲ್ಲಿ ಇದನ್ನು ಗುರುತಿಸಿದರು. ನಿಮಿಷಕ್ಕೆ ಸುಮಾರು 72 ಬಾರಿ ಇಲ್ಲಿಂದ ವಿದ್ಯುತ್ ಸ್ಪಂದನ ಹೊರಡುತ್ತದೆ. ಅದು ಹೃತ್ಕರ್ಣಗಳಲ್ಲಿ ಹರಡಿ, ಹೃದಯದ ನಡುವಿನ ಮತ್ತೊಂದು ಗಂಟಿನಲ್ಲಿ ಸೆಕೆಂಡಿನ ಹತ್ತನೆಯ ಒಂದಂಶದಷ್ಟು ಕಾಲ ತಡೆದು, ಬಳಿಕ ಒಂದು ತಂತುಕಟ್ಟಿನ ಮೂಲಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಹೃತ್ಕುಕ್ಷಿಗಳು ರಕ್ತದಿಂದ ತುಂಬಿಕೊಳ್ಳಲು ಈ ತಡವೇ ಅವಕಾಶ ಕೊಡುತ್ತದೆ. ತಂತುಕಟ್ಟು ಸಾಗುವ ದಾರಿಯಾದರೋ ಮಹಾಧಮನಿಯ ಕವಾಟಕ್ಕೆ ಅತಿ ಸಮೀಪ. ಈ ನೆರೆಹೊರೆಯನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ಬಾಯಿಯ ಕಡೆಗೆ ನೋಡೋಣ. ನಮ್ಮೆಲ್ಲರ ಬಾಯಿಯಲ್ಲಿಯೂ ಸರಪಣಿಯಂತೆ ಜೋಡಿಸಿಕೊಂಡು ಬೆಳೆಯುವ ಸ್ಟ್ರೆಪ್ಟೊಕಾಕಸ್ ಜೀವಾಣುಗಳಿವೆ. 1935ರಲ್ಲಿ ಓಕೆಲ್ ಮತ್ತು ಎಲಿಯಟ್ ಎಂಬ ಆಂಗ್ಲ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ರಕ್ತವನ್ನು ಕೂಡಲೇ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ಜೀವಾಣುಗಳನ್ನು ಕಂಡರು. ವಸಡು ಕೆಟ್ಟಿದ್ದರೆ ಆಹಾರವನ್ನು ಅಗಿಯುವಾಗಲೂ ಅವು ರಕ್ತಕ್ಕೆ ನುಸುಳಬಲ್ಲವು. ಆರೋಗ್ಯವಂತರ ದೇಹ ಅವನ್ನು ಅಲ್ಪಕಾಲದಲ್ಲೇ ನಾಶಮಾಡುತ್ತದೆ.

ಆದರೆ ಚಿಕ್ಕಂದಿನ ಕೀಲುಜ್ವರದಿಂದ ಕವಾಟ ಕೆಟ್ಟಿದ್ದರೆ? ಅಲ್ಲಿ ರಕ್ತದ ಹರಿವು ಸುಳಿಸುಳಿಯಾಗುತ್ತದೆ, ಒಳಪೊರೆ ಸವೆಯುತ್ತದೆ, ಸವೆದೆಡೆಯಲ್ಲಿ ಸಣ್ಣ ಹೆಪ್ಪು ಕಟ್ಟುತ್ತದೆ. ಆ ಹೆಪ್ಪಿನಲ್ಲಿ ಜೀವಾಣುಗಳು ನೆಲೆಯೂರಿ ಬೆಳೆಯುತ್ತವೆ. ಹೃದಯದ ಒಳಪೊರೆಯ ಈ ಸೋಂಕನ್ನು ವಿಲಿಯಂ ಆಸ್ಲರ್ 1885ರಲ್ಲಿಯೇ ತನ್ನ ಉಪನ್ಯಾಸಗಳಲ್ಲಿ ವಿವರಿಸಿದ್ದ. ಪೆನಿಸಿಲಿನ್ ಬರುವ ತನಕ ಇದು ಬಹುಮಟ್ಟಿಗೆ ಮಾರಕವಾಗಿಯೇ ಇದ್ದಿತು. ಸೋಂಕು ಮಹಾಧಮನಿಯ ಕವಾಟದ ಬುಡಕ್ಕೆ ಇಳಿದು ಕೀವುಗಟ್ಟಿದರೆ, ನೆರೆಯ ತಂತುಕಟ್ಟು ಕೆಡುತ್ತದೆ. ಆಗ ಸ್ಪಂದನದ ತಡ ಹೆಚ್ಚುತ್ತ ಹೋಗಿ, ಕೊನೆಗೆ ದಾರಿಯೇ ಕಡಿದುಹೋಗಬಹುದು. ಹಲ್ಲಿನಿಂದ ಹೊರಟ ಕೇಡು ಹೃದಯದ ತಾಳವನ್ನು ಕೆಡಿಸುವ ಸ್ಪಷ್ಟವಾದ ದಾರಿ ಇದು.

ಇನ್ನೊಂದು ದಾರಿ ಇನ್ನೂ ಸಂಶೋಧನೆಯಲ್ಲಿದೆ. ವಸಡಿನ ರೋಗವುಳ್ಳವರಲ್ಲಿ ಹೃತ್ಕರ್ಣಗಳು ಅಡ್ಡಾದಿಡ್ಡಿಯಾಗಿ ಅದುರುವ ವಿಕಾರ ಹೆಚ್ಚೆಂದು ಹಲವು ಅಧ್ಯಯನಗಳು ಸೂಚಿಸಿವೆ. ಜಪಾನಿನ ಹಿರೋಷಿಮಾ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳ ಹಲ್ಲಿಗೆ ಸೇರಿಸಿದ ವಸಡುರೋಗದ ಜೀವಾಣು ಎಡ ಹೃತ್ಕರ್ಣದಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಅಂಗಾಂಶವೂ ನಾರುಗಟ್ಟಿತ್ತು. ನಾರುಗಟ್ಟಿದ ಕಡೆ ವಿದ್ಯುತ್ತರಂಗ ಸರಾಗವಾಗಿ ಸಾಗದು. ಆದರೂ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೂ ಸಲ್ಲುತ್ತದೆಂದು ಅವಸರದಿಂದ ಹೇಳಲಾಗದು. ಜೊತೆಯಲ್ಲಿ ಕಂಡ ಎರಡು ಸಂಗತಿಗಳಲ್ಲಿ ಒಂದು ಕಾರಣ, ಇನ್ನೊಂದು ಕಾರ್ಯ ಆಗಲೇಬೇಕೆಂದಿಲ್ಲ. ಹೊಗೆಸೊಪ್ಪು, ಸಕ್ಕರೆ ರೋಗ, ಮುಪ್ಪು ಇವು ಎರಡಕ್ಕೂ ಮೂಲವಾಗಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಗೆಬಗೆಯ ರೋಗಗಳಿಗೆ ಹಲ್ಲೇ ಮೂಲವೆಂದು ನಂಬಿ, ಪಶ್ಚಿಮದ ವೈದ್ಯರು ಅಸಂಖ್ಯಾತ ಜನರ ಹಲ್ಲುಗಳನ್ನು ವ್ಯರ್ಥವಾಗಿ ಕಿತ್ತರು. ಆ ಪಾಠವನ್ನು ಮರೆಯಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ದಿನಕ್ಕೆರಡು ಬಾರಿ ಹಲ್ಲುಜ್ಜುವುದು, ವಸಡಿನಿಂದ ರಕ್ತ ಬಂದರೆ ಅಲಕ್ಷಿಸದಿರುವುದು. ಕವಾಟದ ದೋಷವುಳ್ಳವರು, ಕೃತಕ ಕವಾಟ ಇಡಿಸಿಕೊಂಡವರು ಅದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಮುಂಜಾಗ್ರತೆಯ ಔಷಧ ಯಾರಿಗೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಅಂಥವರಿಗೆ ಕಾರಣ ತಿಳಿಯದ ಜ್ವರ ದಿನಗಟ್ಟಲೆ ಕಾದರೆ, ಅಂಗಡಿಯಿಂದ ಮಾತ್ರೆ ತಂದು ನುಂಗುವ ಮುನ್ನ ರಕ್ತಪರೀಕ್ಷೆಯಾಗಬೇಕು. ಅರೆಬರೆ ಔಷಧದಿಂದ ಜೀವಾಣು ಸಾಯದೆ ಮರೆಯಾಗಬಹುದು.

ವಾರದ ಬಳಿಕ ಹುಡುಗ ತನ್ನ ಹೃದಯದ ವಿದ್ಯುಲ್ಲೇಖವನ್ನು ತಂದು ತೋರಿಸಿದ. ಕವಾಟದಲ್ಲಿ ಅಲ್ಪ ದೋಷವುಂಟೆಂದು ವೈದ್ಯರು ಹೇಳಿದ್ದರು. ಆ ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಓಡುತ್ತದೆ. ಹೃತ್ಕರ್ಣದ ಅಲೆಯ ಮೊದಲಿಂದ ಹೃತ್ಕುಕ್ಷಿಯ ಅಲೆಯ ಮೊದಲವರೆಗೆ ಅವನೇ ಅಳತೆಗೋಲಿಟ್ಟು ಎಣಿಸಿದ: ನಾಲ್ಕು ಮಿಲಿಮೀಟರು. ಅಂದರೆ 0.16 ಸೆಕೆಂಡು. ಮಿತಿ 0.20. ದಾರಿ ಸುಗಮವಾಗಿಯೇ ಇತ್ತು. ಮರುದಿನ ವೈದ್ಯರ ಸಲಹೆಯಂತೆ ಹಲ್ಲು ಕೀಳಿಸಿಕೊಂಡು ಬಂದ. ಈಗ ಅವನ ತಂಗಿಯ ಹಲ್ಲುಗಳನ್ನೂ ಅವನೇ ಪರೀಕ್ಷಿಸುತ್ತಾನಂತೆ.