ಹೋಬಳಿ ಮೈದಾನದಿಂದ ಕಾಲೇಜು ತಂಡಕ್ಕೆ

ಸಕಲೇಶಪುರ, ಆಲೂರು ಸೀಮೆಯ ಪ್ರೌಢಶಾಲೆಯಲ್ಲಿ ಓದುವ ಒಳ್ಳೆಯ ಆಟಗಾರನೊಬ್ಬ ದೊಡ್ಡ ಕಾಲೇಜಿನ ಕ್ರೀಡಾ ತಂಡ ಸೇರಬೇಕಾದರೆ ಮೊದಲು ಯಾರದಾದರೂ ಕಣ್ಣಿಗೆ ಬೀಳಬೇಕು. ಅದಕ್ಕಿರುವ ದಾರಿ ಮುಖ್ಯವಾಗಿ ಒಂದೇ, ಶಾಲಾ ಕ್ರೀಡಾಕೂಟಗಳ ಏಣಿ. ಹೆತ್ತೂರು, ಯಸಳೂರು, ಹಾನುಬಾಳು, ಬೆಳಗೋಡಿನಲ್ಲೋ, ಆಲೂರು ಕಡೆಯ ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆಯಲ್ಲೋ ಹೋಬಳಿ ಮಟ್ಟದ ಕೂಟ ನಡೆಯುತ್ತದೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಹಾಸನದ ಜಿಲ್ಲಾ ಮಟ್ಟಕ್ಕೆ, ಅಲ್ಲಿಂದ ಮೈಸೂರು ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ. ರಾಜ್ಯ ತಂಡಕ್ಕೆ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಹೋಗುತ್ತಾರೆ. ಶಾಲೆ ಶುರುವಾದ ಮೇಲೆ ಮಳೆಗಾಲದ ನಡುವೆಯೇ ಆರಂಭವಾಗುವ ಈ ಓಟದಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಆ ವರ್ಷದ ಅವಕಾಶ ಮುಗಿದಂತೆ.

ಈ ಏಣಿಯ ಬೇರು ಹಳೆಯದು. ದಕ್ಷಿಣ ಭಾರತದಲ್ಲಿ ದೈಹಿಕ ಶಿಕ್ಷಣವನ್ನು ಒಂದು ವೃತ್ತಿಯಾಗಿ ಕಲಿಸುವ ಕೆಲಸ 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಆರಂಭಿಸಿದ ವೈಎಂಸಿಎ ಕಾಲೇಜಿನಿಂದ ಗಟ್ಟಿಯಾಯಿತು. ಊರೂರಿನ ಹೈಸ್ಕೂಲಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಪಿ.ಟಿ. ಮೇಷ್ಟ್ರು ಕಾಣಿಸಿಕೊಂಡದ್ದು ಆ ಪರಂಪರೆಯ ಮುಂದುವರಿಕೆ. ಶಾಲೆಗಳ ನಡುವಿನ ಸ್ಪರ್ಧೆಯನ್ನು ದೇಶದ ಮಟ್ಟದಲ್ಲಿ ಜೋಡಿಸಲು 1954ರಲ್ಲಿ ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾ ಹುಟ್ಟಿತು. ಫುಟ್‌ಬಾಲ್‌ಗೆಂದೇ ವಾಯುಪಡೆ 1960ರಲ್ಲಿ ದೆಹಲಿಯಲ್ಲಿ ಸುಬ್ರತೋ ಕಪ್ ಆರಂಭಿಸಿತು. ಶಾಲಾ ತಂಡವೊಂದು ತನ್ನ ಶಾಲೆಯ ಹೆಸರಿನಲ್ಲೇ ರಾಷ್ಟ್ರ ಮಟ್ಟದಲ್ಲಿ ಆಡಬಹುದಾದ ಅಪರೂಪದ ಪಂದ್ಯಾವಳಿ ಅದು. ಈ ವ್ಯವಸ್ಥೆಯಲ್ಲಿ ಮಗುವನ್ನು ಹುಡುಕಿಕೊಂಡು ಯಾರೂ ಶಾಲೆಯ ಬಾಗಿಲಿಗೆ ಬರುವುದಿಲ್ಲ, ಮಗುವೇ ಏಣಿ ಹತ್ತಿ ಕಾಣಿಸಿಕೊಳ್ಳಬೇಕು. ಮಲೆನಾಡಿನ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಿಸಿಲೆ, ಹೆತ್ತೂರಿನ ಕಡೆ ಹೋದಷ್ಟೂ ಮಳೆ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ಆದರೆ ಹೋಬಳಿ, ತಾಲ್ಲೂಕು ಕೂಟಗಳು ಬರುವುದೂ ಅದೇ ತಿಂಗಳುಗಳಲ್ಲಿ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನ ಮಕ್ಕಳು ಒಣನೆಲದಲ್ಲಿ ತಿಂಗಳುಗಟ್ಟಲೆ ಓಡಿ ಬಂದಿರುತ್ತಾರೆ. ಗುಡ್ಡದ ಮಕ್ಕಳು ಶಾಲೆಯ ಜಗಲಿಯಲ್ಲಿ ಕಸರತ್ತು ಮಾಡಿ, ಮಳೆ ನಿಂತ ಸಂಜೆಗಳಲ್ಲಿ ಮಾತ್ರ ಚೆಂಡು ಮುಟ್ಟಿರುತ್ತಾರೆ. ಇನ್ನು ಇಳಿಜಾರಿನ ಸೀಮೆಯಲ್ಲಿ ಸಮತಟ್ಟಾದ ಜಾಗವೇ ದುರ್ಲಭ. ನೂರು ಮೀಟರು ಉದ್ದದ ಫುಟ್‌ಬಾಲ್ ಅಂಕಣಕ್ಕೆ ಬೇಕಾದಷ್ಟು ನೆಲ ಇರುವ ಕಡೆ ಕಾಫಿ ತೋಟ ಇರುತ್ತದೆ, ಇಲ್ಲವೇ ಗದ್ದೆ. ವಾಲಿಬಾಲ್, ಕಬಡ್ಡಿ, ಕೊಕ್ಕೊಗಳು ಈ ಸೀಮೆಗೆ ಚೆನ್ನಾಗಿ ಒಗ್ಗಿದ್ದಕ್ಕೆ ಇದೂ ಒಂದು ಕಾರಣ, ಅವಕ್ಕೆ ಸಣ್ಣ ಅಂಗಳ ಸಾಕು.

ಸಂಜೆಯ ಅಭ್ಯಾಸಕ್ಕೆ ಇನ್ನೆರಡು ಅಡ್ಡಿಗಳಿವೆ. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಮೊದಲನೆಯದು, ಆನೆ ಎರಡನೆಯದು. ಆಲೂರು, ಸಕಲೇಶಪುರ ತಾಲ್ಲೂಕುಗಳ ಕಾಡಾನೆ ಸಮಸ್ಯೆ ಹೈಕೋರ್ಟಿನ ಮೆಟ್ಟಿಲೇರಿ, ರಾಜ್ಯದ ಆನೆ ಸಮಸ್ಯೆಗೆಂದು ರಚಿಸಿದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತ್ತು. ಆ ಮೇಲೆ ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು, ಆದರೂ ತೋಟಗಳ ನಡುವೆ ಆನೆ ಓಡಾಡುವುದು ನಿಂತಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರಲೇಬೇಕಾದ ಮಗುವಿಗೆ ಶಾಲೆ ಬಿಟ್ಟ ಮೇಲಿನ ಒಂದೂವರೆ ಗಂಟೆ ಎಂಬುದೇ ಇರುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಪ್ರತಿಭೆಗಿಂತ ಮೊದಲು ಈ ಲೆಕ್ಕವೇ ಆಟವನ್ನು ನಿಲ್ಲಿಸುತ್ತದೆ. ಈ ಸೀಮೆಯ ಮಕ್ಕಳಿಗೆ ವಸತಿ ಇರುವ ಶಾಲೆ, ಕಾಲೇಜು ಅನುಕೂಲಕ್ಕಿಂತ ಹೆಚ್ಚಾಗಿ ಅಗತ್ಯ ಎನ್ನುವುದು ಅದಕ್ಕೇ. ಮೈದಾನದ ಪಕ್ಕದಲ್ಲೇ ಮಲಗುವ ಜಾಗ ಸಿಕ್ಕರೆ ಬಸ್ಸು, ಆನೆ, ಮಳೆ ಮೂರರಲ್ಲಿ ಎರಡು ಅಡ್ಡಿ ಒಮ್ಮೆಲೇ ಕಳಚುತ್ತವೆ.

ವಸತಿಯೊಡನೆ ತರಬೇತಿ ಎಂಬ ಕಲ್ಪನೆ ಸರ್ಕಾರದ ಮಟ್ಟದಲ್ಲಿ ಬಲ ಪಡೆದದ್ದು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನಂತರ. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಯಾಯಿತು, ಬೆಂಗಳೂರು ಅದರ ದಕ್ಷಿಣ ಕೇಂದ್ರವಾಯಿತು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತನ್ನದೇ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಇವುಗಳಿಗೆ ಆಯ್ಕೆ ನಡೆಯುವುದು ಪರೀಕ್ಷೆಯಿಂದ. ಓಟ, ಜಿಗಿತ, ಎಸೆತ, ಎತ್ತರ, ಆಟದ ಕೌಶಲ ಎಲ್ಲವನ್ನೂ ನೋಡುತ್ತಾರೆ. ಪ್ರಕಟಣೆ ಪತ್ರಿಕೆಯಲ್ಲಿ ಬಂದು ಹೋಗುತ್ತದೆ, ಗುಡ್ಡದ ಮೂಲೆಯ ಶಾಲೆಗೆ ಅದು ತಲುಪುವ ಹೊತ್ತಿಗೆ ಆಯ್ಕೆಯ ದಿನ ಎಷ್ಟೋ ಸಲ ಕಳೆದಿರುತ್ತದೆ. ಅದನ್ನು ಗಮನಿಸಿ, ಅರ್ಜಿ ತುಂಬಿಸಿ, ಮಗುವನ್ನು ಬಸ್ಸಿಗೆ ಹತ್ತಿಸಿ ಹಾಸನಕ್ಕೆ ಕರೆದೊಯ್ಯುವವರು ಬಹುಪಾಲು ದೈಹಿಕ ಶಿಕ್ಷಕರೇ. ಈ ಕೆಲಸಕ್ಕೆ ಯಾವ ದಾಖಲೆಯಲ್ಲೂ ಅಂಕ ಇಲ್ಲ.

ಕಾಲೇಜುಗಳು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ ಕರ್ನಾಟಕದಲ್ಲಿ ಹೆಚ್ಚು ಬೆಳೆದದ್ದು ಘಟ್ಟದ ಕೆಳಗೆ. ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಆರಂಭವಾದ ಮೇಲೆ ಕರಾವಳಿಯ ಕಾಲೇಜುಗಳ ನಡುವೆ ಆಟದಲ್ಲಿ ಪೈಪೋಟಿ ಬೆಳೆಯಿತು. ಉಜಿರೆಯ ಎಸ್‌ಡಿಎಂ ಕಾಲೇಜು ಕ್ರೀಡೆಗೆ ಹೆಸರಾಯಿತು. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವ 1995ರಲ್ಲಿ ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನು ದತ್ತು ಪಡೆಯುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿಕೊಂಡು ಬಂತು. ಆಟದಲ್ಲಿ ಮುಂದಿರುವವರಿಗೆ ಓದು, ಊಟ, ವಸತಿ ಉಚಿತ, ಬದಲಿಗೆ ಅವರು ಕಾಲೇಜಿಗಾಗಿ, ಮುಂದೆ ವಿಶ್ವವಿದ್ಯಾಲಯಕ್ಕಾಗಿ ಆಡುತ್ತಾರೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲೇ ನಡೆದದ್ದು ಆ ಊರು ತಲುಪಿದ ಎತ್ತರಕ್ಕೆ ಸಾಕ್ಷಿ.

ಇಲ್ಲಿ ಸಕಲೇಶಪುರಕ್ಕೆ ಒಂದು ವಿಚಿತ್ರ ಅನುಕೂಲ ಒದಗಿದೆ. ಮೈಸೂರು ವಿಭಾಗದಲ್ಲಿ ಹಾಸನದ ಜೊತೆಗೆ ದಕ್ಷಿಣ ಕನ್ನಡ, ಉಡುಪಿ, ಕೊಡಗು, ಮೈಸೂರು ಜಿಲ್ಲೆಗಳೂ ಇವೆ. ಆಟದಲ್ಲಿ ರಾಜ್ಯದ ಗಟ್ಟಿ ಜಿಲ್ಲೆಗಳಲ್ಲಿ ಹಲವು ಒಂದೇ ವಿಭಾಗದಲ್ಲಿ ಸೇರಿಕೊಂಡಿರುವುದರಿಂದ ಹಾಸನದ ಮಗುವಿಗೆ ರಾಜ್ಯ ಮಟ್ಟ ಮುಟ್ಟುವುದು ಇತರ ವಿಭಾಗಗಳವರಿಗಿಂತ ಕಷ್ಟ. ಹೈಜಂಪಿನಲ್ಲೋ ವಾಲಿಬಾಲ್‌ನಲ್ಲೋ ಬೇರೆ ವಿಭಾಗದಲ್ಲಿ ಮೊದಲಿಗರಾಗಬಹುದಾದವರು ಇಲ್ಲಿ ಮೂರನೆಯವರಾಗಿ ಹಿಂದಿರುಗುತ್ತಾರೆ. ಆದರೆ ಅದೇ ಮೈದಾನದ ಅಂಚಿನಲ್ಲಿ ಕರಾವಳಿಯ ಕಾಲೇಜುಗಳ ತರಬೇತುದಾರರೂ ನಿಂತಿರುತ್ತಾರೆ. ಪದಕ ತಪ್ಪಿದ ಮಗುವಿನ ಎತ್ತರ, ಕಾಲಿನ ಬೀಸು, ಸೋತ ಮೇಲಿನ ನಡವಳಿಕೆ ಅವರ ಕಣ್ಣಿಗೆ ಬೀಳುತ್ತದೆ. ಶಿರಾಡಿ ಘಟ್ಟ ಇಳಿದರೆ ಕೆಲವೇ ಗಂಟೆಗಳ ಹಾದಿ, ಹಾಗಾಗಿ ತಂದೆ ತಾಯಿಯೂ ಒಪ್ಪುತ್ತಾರೆ. ಆದ್ದರಿಂದ ಈ ಸೀಮೆಯ ಮಗುವಿಗೆ ಸಹಾಯ ಮಾಡುವವರು ರಾಜ್ಯ ಮಟ್ಟದ ಪದಕವನ್ನಷ್ಟೇ ಗುರಿಯಾಗಿಟ್ಟುಕೊಳ್ಳಬಾರದು. ವಿಭಾಗ ಮಟ್ಟವನ್ನು ತಲುಪುವುದೇ ಅರ್ಧ ಕೆಲಸ.

ಫುಟ್‌ಬಾಲ್‌ನ ದಾರಿ ಇದಕ್ಕಿಂತ ಬೇರೆ. ಕರ್ನಾಟಕದಲ್ಲಿ ಅದು ಬೆಂಗಳೂರಿನ ಆಟವಾಗಿ, ಅದರಲ್ಲೂ ದಂಡು ಪ್ರದೇಶದ ಆಟವಾಗಿ ಬೆಳೆಯಿತು. ಪ್ರತಿಭೆಯನ್ನು ಎತ್ತಿಕೊಂಡವರು ಕಾಲೇಜುಗಳಲ್ಲ, ಕ್ಲಬ್ಬುಗಳು ಮತ್ತು ಕಾರ್ಖಾನೆಗಳು. ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದವರು, ಕೋಲ್ಕತ್ತದ ಈಸ್ಟ್ ಬೆಂಗಾಲ್ ಅವರನ್ನು ಕರೆದುಕೊಂಡಿತು. ಆಗಿನ ಮೈಸೂರು ರಾಜ್ಯ (ಇಂದಿನ ಕರ್ನಾಟಕ) 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ತಂಡದ ಬಲ ಇದ್ದದ್ದು ಇಂಥ ಕ್ಲಬ್ಬು, ಕಾರ್ಖಾನೆ ತಂಡಗಳಲ್ಲೇ. ಕರ್ನಾಟಕ ಮತ್ತೆ ಆ ಟ್ರೋಫಿ ಎತ್ತಿದ್ದು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ. ಈಚೆಗೆ ಆಯ್ಕೆ ಅಕಾಡೆಮಿಗಳ ಕೈಗೆ ಹೋಗಿದೆ. 2017ರ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಬೆಳೆದದ್ದು ಚಂಡೀಗಡದ ಅಕಾಡೆಮಿಯಲ್ಲಿ. ಅಕಾಡೆಮಿಗಳು ಮಕ್ಕಳನ್ನು ಸಣ್ಣ ವಯಸ್ಸಿನಲ್ಲೇ ಆರಿಸುತ್ತವೆ, ಹತ್ತನೇ ತರಗತಿ ತನಕ ಕಾಯುವುದಿಲ್ಲ. ಹಾಗಾಗಿ ಫುಟ್‌ಬಾಲ್ ಆಡುವ ಗುಡ್ಡದ ಹುಡುಗನಿಗೆ ಸುಬ್ರತೋ ಕಪ್ಪಿನ ಜಿಲ್ಲಾ ಪಂದ್ಯಗಳೂ ಪಿಯು ನಂತರದ ವಿಶ್ವವಿದ್ಯಾಲಯ ತಂಡವೂ ಉಳಿದಿರುವ ಮುಖ್ಯ ಬಾಗಿಲುಗಳು.

ಬಾಗಿಲು ತೆರೆಯುವುದು ಆಟ, ಆದರೆ ಒಳಗೆ ಬಿಡುವುದು ಕಾಗದ. ಕೇಂದ್ರ ಸರ್ಕಾರ 1980ರ ಆಗಸ್ಟ್ 4ರ ಆದೇಶದಲ್ಲಿ ಕ್ರೀಡಾಪಟುಗಳ ನೇಮಕಕ್ಕೆ ನಿಯಮ ಮಾಡಿದಾಗ ಪ್ರಮಾಣಪತ್ರಗಳಿಗೂ ಮಾದರಿಗಳನ್ನು ಗೊತ್ತುಪಡಿಸಿತು. ದೇಶಕ್ಕೆ ಆಡಿದವರಿಗೆ ಒಂದು, ರಾಜ್ಯಕ್ಕೆ ಆಡಿದವರಿಗೆ ಎರಡು, ವಿಶ್ವವಿದ್ಯಾಲಯಕ್ಕೆ ಆಡಿದವರಿಗೆ ಮೂರು, ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯ ಶಾಲಾ ತಂಡಕ್ಕೆ ಆಡಿದವರಿಗೆ ನಾಲ್ಕನೇ ನಮೂನೆ. ರಾಜ್ಯ ಮಟ್ಟದಲ್ಲೇ ನಿಂತ ಮಗುವಿಗೆ ಈ ನಾಲ್ಕರಲ್ಲಿ ಯಾವುದೂ ಸಿಗುವುದಿಲ್ಲ. ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕ್ರೀಡಾ ಕೋಟಾದಡಿ ಅರ್ಜಿ ಪಡೆದು ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸುತ್ತದೆ. ಅಲ್ಲೂ ಮೇಲಿನ ಮಟ್ಟದಲ್ಲಿ ಆಡಿದವರಿಗೆ ಮೊದಲ ಆದ್ಯತೆ. ಹೆಸರಿನ ಅಕ್ಷರ ಅಂಕಪಟ್ಟಿಯಲ್ಲಿ ಒಂದು ರೀತಿ, ಕ್ರೀಡಾ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ, ಜನ್ಮದಿನಾಂಕ ಹೊಂದದಿದ್ದರೆ, ಸಹಿಯ ಮೇಲೆ ಮೊಹರು ಇಲ್ಲದಿದ್ದರೆ ಆಟವೆಲ್ಲ ವ್ಯರ್ಥವಾದ ಉದಾಹರಣೆಗಳು ಎಷ್ಟೋ. ಕೂಟ ಮುಗಿದ ದಿನವೇ ಪ್ರಮಾಣಪತ್ರ ಪಡೆದು, ಪ್ರತಿ ಮಾಡಿಸಿ ಶಾಲೆಯಲ್ಲೊಂದು, ಮನೆಯಲ್ಲೊಂದು ಇಡುವುದು ಸಣ್ಣ ಕೆಲಸವಾಗಿ ಕಂಡರೂ ಅದರ ಬೆಲೆ ದೊಡ್ಡದು.

ಕಾಲೇಜೇ ಆಟಗಾರನನ್ನು ಹುಡುಕಿಕೊಂಡು ಬರುವ ಪದ್ಧತಿ ಅಮೆರಿಕದ್ದು. ಅಲ್ಲಿ 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯಿತು. 1906ರಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಮೊದಲ ರೂಪ ಬಂತು, 1956ರಲ್ಲಿ ಅದು ಆಟದ ಬಲದ ಮೇಲೆ ವಿದ್ಯಾರ್ಥಿವೇತನ ಕೊಡಲು ಅನುಮತಿ ನೀಡಿತು. ಆ ವ್ಯವಸ್ಥೆಯೊಳಗೆ ಬೆಳೆದ ಒಬ್ಬ ಕನ್ನಡಿಗ ವಿಕಾಸ್ ಗೌಡ. ಮೈಸೂರಿನಲ್ಲಿ 1983ರಲ್ಲಿ ಹುಟ್ಟಿ ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ ಹೈಸ್ಕೂಲು ಓದಿದ ಅವರು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ಸೇರಿ 2006ರಲ್ಲಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎಂಟನೇ ಸ್ಥಾನ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಪಡೆದರು. ಅವರ ತಂದೆ ಶಿವೇಗೌಡ ಸ್ವತಃ ಅಥ್ಲೆಟಿಕ್ಸ್ ತರಬೇತುದಾರರು. ಮಗನ ಪ್ರತಿಭೆಯನ್ನು ಮೊದಲು ಕಂಡ ಕಣ್ಣು ಮನೆಯಲ್ಲೇ ಇತ್ತು. ತೋಟದ ಲೈನ್ ಮನೆಯಲ್ಲಿ ಬೆಳೆಯುವ ಮಗುವಿಗೆ ಆ ಕಣ್ಣಾಗಬೇಕಾದವರು ಶಾಲೆಯ ಮೇಷ್ಟ್ರು.

ಭಾರತದಲ್ಲೂ ಈಗ ಹುಡುಕುವ ಪ್ರಯತ್ನ ಹೆಚ್ಚಿದೆ. 2018ರಲ್ಲಿ ದೆಹಲಿಯಲ್ಲಿ ಮೊದಲ ಖೇಲೋ ಇಂಡಿಯಾ ಶಾಲಾ ಕೂಟ ನಡೆದಾಗ ಆಯ್ದ ಪ್ರತಿಭೆಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ ಎಂಟು ವರ್ಷ ನೆರವು ಘೋಷಣೆಯಾಯಿತು. ಎರಡನೇ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟ 2022ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ನಡೆದು ಆತಿಥೇಯರೇ ಅಗ್ರಸ್ಥಾನ ಪಡೆದರು. ಆಟಗಾರರನ್ನು ಸೇರಿಸಿಕೊಳ್ಳುವ ಪೈಪೋಟಿಗೆ ಖಾಸಗಿ ವಿಶ್ವವಿದ್ಯಾಲಯಗಳೂ ಇಳಿದಿವೆ ಎಂಬುದು ಇದರಿಂದ ಸ್ಪಷ್ಟ.

ಹೀಗೆ ಬೆಳೆದುಬಂದ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಮಕ್ಕಳು ಕಳೆದುಹೋಗುವುದು ಎಸ್‌ಎಸ್‌ಎಲ್‌ಸಿ ಮತ್ತು ಪಿಯು ನಡುವಿನ ಬೇಸಿಗೆಯಲ್ಲಿ. ಹೈಸ್ಕೂಲಿನ ಮೇಷ್ಟ್ರ ಹೊಣೆ ಅಲ್ಲಿಗೆ ಮುಗಿದಿರುತ್ತದೆ, ಕಾಲೇಜಿನ ಹೊಣೆ ಇನ್ನೂ ಶುರುವಾಗಿರುವುದಿಲ್ಲ. ಫಲಿತಾಂಶ ಬಂದ ಮೇಲೆ ಹತ್ತಿರದ ಕಾಲೇಜಿಗೆ ಸೇರಿಸಿಬಿಟ್ಟರೆ ಮುಂದಿನ ಎರಡು ವರ್ಷ ಆಟ ನಿಂತೇಹೋಗುತ್ತದೆ. ಸೆಲೆಕ್ಷನ್ ಟ್ರಯಲ್ಸ್‌ಗೆ ಹೋಗುವವರು ಪರೀಕ್ಷೆ ಮುಗಿದ ವಾರದಲ್ಲೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಫೋನು ಮಾಡಿ ದಿನ ತಿಳಿದುಕೊಳ್ಳಬೇಕು. ಬೇಸಿಗೆಯಲ್ಲಿ ಓಟ ಬಿಡಬಾರದು. ಪ್ರಮಾಣಪತ್ರ, ಆಧಾರ್, ಜನನ ಪತ್ರ, ಫೋಟೋ ಒಂದೇ ಫೈಲಿನಲ್ಲಿರಬೇಕು. ಉಚಿತ ಎಂದರೆ ಬೋಧನಾ ಶುಲ್ಕ ಮಾತ್ರವೋ, ಊಟ, ವಸತಿ, ಶೂ, ಪ್ರಯಾಣದ ಖರ್ಚೂ ಸೇರಿಯೋ ಎಂಬುದನ್ನು, ಗಾಯವಾಗಿ ಒಂದು ವರ್ಷ ಆಡಲಾಗದಿದ್ದರೆ ಸೌಲಭ್ಯ ಮುಂದುವರಿಯುತ್ತದೆಯೋ ಎಂಬುದನ್ನು ತಂದೆ ತಾಯಿ ಮೊದಲೇ ಕೇಳಿ ತಿಳಿಯುವುದು ಅವರ ಹಕ್ಕು. ಹಾಜರಾತಿಯಲ್ಲಿ ರಿಯಾಯಿತಿ ಎಷ್ಟು, ಕೂಟದ ದಿನ ಪರೀಕ್ಷೆ ಬಿದ್ದರೆ ಏನು ಎಂಬುದನ್ನೂ ಕೇಳಬೇಕು.

ಪದವಿಗೆ ಬಂದಾಗ ಇನ್ನೊಂದು ಆಯ್ಕೆ ಎದುರಾಗುತ್ತದೆ. ಘಟ್ಟ ಇಳಿದು ಓದಿದವರು ಮಂಗಳೂರು ವಿಶ್ವವಿದ್ಯಾಲಯಕ್ಕೆ ಆಡುತ್ತಾರೆ, ಹಾಸನದಲ್ಲೇ ಉಳಿದವರು ಬಹುಕಾಲ ಮೈಸೂರು ವಿಶ್ವವಿದ್ಯಾಲಯಕ್ಕೆ ಆಡಿದರು, ಈಚೆಗೆ ಹಾಸನಕ್ಕೇ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿದೆ. ಪೈಪೋಟಿ ಕಡಿಮೆ ಇರುವ ವಿಶ್ವವಿದ್ಯಾಲಯದಲ್ಲಿ ತಂಡ ಸೇರುವುದು ಸುಲಭ, ಪೈಪೋಟಿ ಇರುವಲ್ಲಿ ಆಟ ಬೆಳೆಯುವುದು ಬೇಗ. ಇದರಲ್ಲಿ ಯಾವುದು ಸರಿ ಎಂಬುದು ಮಗುವಿನ ಮಟ್ಟವನ್ನು ನೋಡಿ ನಿರ್ಧಾರವಾಗಬೇಕು. ಫುಟ್‌ಬಾಲ್‌ನಂಥ ತಂಡದ ಆಟಗಳಲ್ಲಿ ವಿಶ್ವವಿದ್ಯಾಲಯ ತಂಡಗಳು ಮೊದಲು ದಕ್ಷಿಣ ವಲಯದಲ್ಲಿ ಆಡುತ್ತವೆ, ಅಲ್ಲಿ ಮುಂದಿನ ಸ್ಥಾನ ಪಡೆದವು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ಈ ಪಂದ್ಯಗಳಲ್ಲಿ ವಿಶ್ವವಿದ್ಯಾಲಯಕ್ಕೆ ಆಡಿದವರ ಕೈಗೆ ಬರುವುದೇ ಮೂರನೇ ನಮೂನೆಯ ಪ್ರಮಾಣಪತ್ರ. ರೈಲ್ವೆ ಮುಂತಾದ ಕಡೆ ಕ್ರೀಡಾ ಕೋಟಾದ ನೇಮಕಾತಿಗೆ ಅರ್ಜಿ ಹಾಕುವಾಗ ಅದು ಬೇಕಾಗುತ್ತದೆ.