ಸೂಜಿ ಚುಚ್ಚುವ ಮೊದಲು

ಒಂದಿಷ್ಟು ರಕ್ತ ಕೊಟ್ಟರೆ ಸಾಕು, ಕೊಳವೆಯಲ್ಲಿ ಉಸಿರು ಊದಿದರೆ ಸಾಕು, ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಗುತ್ತದೆ ಎಂಬ ಸುದ್ದಿಗಳು ಈಚೆಗೆ ಹೆಚ್ಚಾಗಿವೆ. ಗಡ್ಡೆಯ ಜೀವಕೋಶ ಸತ್ತಾಗ ಅದರ ಡಿಎನ್‌ಎ ಚೂರುಗಳು ರಕ್ತ ಸೇರುತ್ತವೆ, ಅವನ್ನು ಹಿಡಿದು ರೋಗ ಗುರುತಿಸಬಹುದು ಎಂಬುದು ನಿಜ. ಆದರೆ ಗಡ್ಡೆ ಸಣ್ಣದಿದ್ದಾಗ ಚೂರುಗಳೂ ಅತ್ಯಲ್ಪ. ಹಲವು ಬಗೆಯ ಕ್ಯಾನ್ಸರನ್ನು ಒಟ್ಟಿಗೆ ಹುಡುಕುವ ಅಮೆರಿಕದ ಒಂದು ಹೆಸರಾಂತ ರಕ್ತಪರೀಕ್ಷೆ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಹಂತದ ನೂರು ರೋಗಿಗಳಲ್ಲಿ ಸುಮಾರು 17 ಮಂದಿಯನ್ನಷ್ಟೇ ಗುರುತಿಸಿತು. ಉಳಿದವರು 'ಏನೂ ಇಲ್ಲ' ಎಂಬ ವರದಿ ಹಿಡಿದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ರೋಗ ಬೆಳೆಯುತ್ತದೆ. ಬೆಳಗಾವಿ ಜಿಲ್ಲೆಯ ರಾಮದುರ್ಗದಂಥ ಊರಿಗೆ ಬೇಕಾದ ನೋವಿಲ್ಲದ ಪರೀಕ್ಷೆಗಳು ಬೇರೆ ಇವೆ, ಮತ್ತು ಅವು ಈಗಾಗಲೇ ನಮ್ಮಲ್ಲಿವೆ. ಕೆಟ್ಟಿರುವುದು ಅವನ್ನು ಮಾಡಿಸುವ ಕ್ರಮ.

ಮೊದಲನೆಯದು ಕಫದ ಪರೀಕ್ಷೆ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಇವು ಕ್ಷಯಕ್ಕೂ ಕ್ಯಾನ್ಸರಿಗೂ ಸಮಾನ. ನಮ್ಮಲ್ಲಿ ಕ್ಷಯ ಹೆಚ್ಚು. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಟಿ.ಬಿ. ಮಾತ್ರೆ ಶುರುವಾಗಿಬಿಡುತ್ತದೆ. ಆರು ತಿಂಗಳ ಕೋರ್ಸು ಅದು. ಕ್ರಿಮಿ ಸಿಗದಿದ್ದರೂ ಹೀಗೆ ಮಾತ್ರೆ ನುಂಗುತ್ತ ಕೂತ ಕ್ಯಾನ್ಸರ್ ರೋಗಿಗೆ ಶಸ್ತ್ರಚಿಕಿತ್ಸೆಯ ಅವಕಾಶವೇ ಕೈತಪ್ಪಬಹುದು. ಭಾರತದಲ್ಲಿ ಬಹುಪಾಲು ಮಂದಿ ಮೂರನೆಯ, ನಾಲ್ಕನೆಯ ಹಂತದಲ್ಲಿ ತಜ್ಞರ ಬಳಿ ಬರುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಕಫದಲ್ಲಿ ಕ್ಷಯದ ಕ್ರಿಮಿ ಇದೆಯೇ ಎಂದು ಒಂದೆರಡು ತಾಸಿನಲ್ಲಿ ಹೇಳುತ್ತದೆ. 'ಇಲ್ಲ' ಎಂದು ಬಂದಾಗ, ಅದರಲ್ಲೂ ರೋಗಿ ವರ್ಷಗಟ್ಟಲೆ ಬೀಡಿ ಸೇದಿದವರಾಗಿದ್ದರೆ, ಮುಂದಿನ ಹೆಜ್ಜೆ ಸಿ.ಟಿ. ಸ್ಕ್ಯಾನ್ ಆಗಬೇಕು, ಮಾತ್ರೆಯಲ್ಲ.

ಎರಡನೆಯದು ಸಿ.ಟಿ. ಕೆಮ್ಮೇ ಇಲ್ಲದವರಲ್ಲಿ ರೋಗ ಹುಡುಕುವ ಪರೀಕ್ಷೆಗಳಲ್ಲಿ ಇಂದಿನವರೆಗೆ ಸಾವು ತಗ್ಗಿಸಿ ತೋರಿಸಿರುವುದು ಕಡಿಮೆ ವಿಕಿರಣದ ಸಿ.ಟಿ. ಒಂದೇ. ಮೇಜಿನ ಮೇಲೆ ಮಲಗಿ, ಎರಡೂ ಕೈ ತಲೆಯ ಮೇಲೆತ್ತಿ, ಕೆಲವು ಸೆಕೆಂಡು ಉಸಿರು ಬಿಗಿಹಿಡಿದರೆ ಮುಗಿಯಿತು; ಇಂಜೆಕ್ಷನ್ ಇಲ್ಲ. 53 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಫಲಿತಾಂಶ ಕೊಟ್ಟ ಅಮೆರಿಕದ ಅಧ್ಯಯನದಲ್ಲಿ, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಈ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾಯಿತು. ನಮ್ಮ ಸರಕಾರಿ ತಪಾಸಣೆಯಲ್ಲಿರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಮಾತ್ರ. ಇದೇ ಜಿಲ್ಲೆಯ ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು ಎಂಬುದನ್ನು ನೆನೆದರೆ ಆ ಪಟ್ಟಿಯ ಕೊರತೆ ಚುಚ್ಚುತ್ತದೆ.

ಸಿ.ಟಿ. ತಪಾಸಣೆಗೊಂದು ಗಟ್ಟಿ ಆಕ್ಷೇಪವಿದೆ. ಕ್ಷಯ ವಾಸಿಯಾದ ಮೇಲೂ ಕಲೆ ಉಳಿಯುವ ನಾಡಿನಲ್ಲಿ ಸಿ.ಟಿ. ಮಾಡಿದರೆ ಕಂಡಕಂಡವರಲ್ಲಿ ಗಂಟು ಕಾಣುತ್ತದೆ, ನಿರಪರಾಧಿ ಕಲೆಗೂ ಸೂಜಿ ಹಾಕಿ ಬಯಾಪ್ಸಿ ಮಾಡಬೇಕಾಗುತ್ತದೆ ಎಂದು. ಭಯ ಸುಳ್ಳಲ್ಲ, ಅಮೆರಿಕದ ಆ ಅಧ್ಯಯನದಲ್ಲೇ ಅನುಮಾನ ಮೂಡಿಸಿದ ವರದಿಗಳಲ್ಲಿ ಶೇ. 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಉತ್ತರ ಸಿಕ್ಕಿದ್ದು ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ವೈದ್ಯರು 2020ರಲ್ಲಿ ಪ್ರಕಟಿಸಿದ ನೆಲ್ಸನ್ ಅಧ್ಯಯನದಿಂದ. ಸಂಶಯದ ಗಂಟನ್ನು ಅವರು ತಕ್ಷಣ ಚುಚ್ಚಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಬೆಳೆದಿದೆಯೇ ಎಂದು ಅಳೆದರು. ಹೆಚ್ಚಿನ ತಪಾಸಣೆಗೆ ಕಳಿಸಬೇಕಾಗಿ ಬಂದದ್ದು ಶೇ. 2ರಷ್ಟು ಸ್ಕ್ಯಾನ್‌ಗಳನ್ನು ಮಾತ್ರ, ಆದರೂ ಗಂಡಸರಲ್ಲಿ ಸಾವು ಶೇ. 24ರಷ್ಟು ತಗ್ಗಿತು. ಹಳೆಯ ಕಲೆ ಸಾಮಾನ್ಯವಾಗಿ ಬೆಳೆಯುವುದಿಲ್ಲ, ಕ್ಯಾನ್ಸರ್ ಬೆಳೆಯುತ್ತದೆ.

ಬೀಡಿ ಮುಟ್ಟದೆ ಒಲೆಯ ಹೊಗೆಯಲ್ಲೇ ಬಾಳಿದ ಹೆಣ್ಣುಮಕ್ಕಳಿಗೂ ಈ ರೋಗ ಬರುತ್ತದಲ್ಲ ಎಂದರೆ, ಹೌದು. ಅವರಿಗೆಲ್ಲ ತಪಾಸಣೆ ಎನ್ನಲು ಪುರಾವೆ ಇನ್ನೂ ಸಾಲದು, ಆದರೆ ಅವರ ಕೆಮ್ಮನ್ನು ಹಗುರಾಗಿ ಕಾಣಲು ಅದು ನೆಪವಾಗಕೂಡದು. ಇನ್ನು ರಾಮದುರ್ಗದ ನೇಕಾರರು ಮಗ್ಗ ನಿಲ್ಲಿಸಿ ಬೆಳಗಾವಿಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಅದಕ್ಕೇ ಕಫದ ವರದಿ ಊರಲ್ಲೇ ಪಡೆದು ಹೊರಡಬೇಕು, ಮತ್ತು ಹಳೆಯ ಎಕ್ಸ್‌ರೇ, ಸ್ಕ್ಯಾನ್ ಫಿಲ್ಮುಗಳನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಎರಡು ವರ್ಷದ ಹಿಂದಿನ ಸ್ಕ್ಯಾನ್‌ನಲ್ಲೂ ಅದೇ ಗಟ್ಟಿ ಗಂಟು ಅಷ್ಟೇ ಗಾತ್ರದಲ್ಲಿದ್ದರೆ ವೈದ್ಯರು ಬಹುತೇಕ ಸೂಜಿ ಕೈಗೆತ್ತಿಕೊಳ್ಳುವುದಿಲ್ಲ.